ಹುರಿ–ಕರಿ: ಅಡುಗೆಮನೆಯ ಎರಡು ಧಾತುಗಳ ಅರ್ಥವಿಚಾರ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಮೀನು ಮಾರುವವನು ಗ್ರಾಹಕನನ್ನು ಕೇಳುವ ಪ್ರಶ್ನೆ ಒಂದಿದೆ: ‘ಕರಿಗಾ, ಫ್ರೈಗಾ?’ ತುಂಡುಗಳ ಗಾತ್ರ, ದಪ್ಪ, ಕತ್ತರಿಸುವ ಕ್ರಮ ಎಲ್ಲವೂ ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿರುತ್ತದೆ. ಅಂಗಡಿಯವನಿಗೂ ಗ್ರಾಹಕನಿಗೂ ಇದರಲ್ಲಿ ಯಾವ ಗೊಂದಲವೂ ಇಲ್ಲ. ಆದರೆ ಕನ್ನಡವನ್ನು ಮಾತ್ರ ಬಲ್ಲ ಒಬ್ಬ ಹಳ್ಳಿಗನನ್ನು ಅಲ್ಲಿ ನಿಲ್ಲಿಸಿದರೆ ಅವನಿಗೆ ಆ ಪ್ರಶ್ನೆಯೇ ಅರ್ಥವಾಗದು. ಅವನ ಭಾಷೆಯಲ್ಲಿ ‘ಕರಿ’ ಎಂದರೆ ಕಾದ ಎಣ್ಣೆಯಲ್ಲಿ ಬೇಯಿಸಿ ತೆಗೆಯುವುದು. ಇಂಗ್ಲಿಷಿನ ‘ಫ್ರೈ’ ಎಂದರೂ ಅದೇ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಒಂದೇ ಕ್ರಿಯೆಯನ್ನು ಎರಡು ಭಾಷೆಗಳಲ್ಲಿ ಹೇಳಿ ‘ಇದೋ, ಅದೋ’ ಎಂದು ಕೇಳಿದಂತಾಯಿತು! ಅಂಗಡಿಯವನ ‘ಕರಿ’ ಬೇರೆ. ಅದು ದ್ರಾವಿಡ ಮೂಲದ ಕಱಿ ಎಂಬ ಪದ. ಪೋರ್ಚುಗೀಸರ ಬಾಯಿಯಲ್ಲಿ ಹಾದು, ಇಂಗ್ಲಿಷಿನಲ್ಲಿ ರಸಭರಿತವಾದ ವ್ಯಂಜನವೆಂಬ ಅರ್ಥವನ್ನು ತಳೆದು, ದಂಡುಪ್ರದೇಶದ ಮೂಲಕ ಮರಳಿ ಬಂದದ್ದು. ಹೀಗಾಗಿ ಕನ್ನಡ ಲಿಪಿಯಲ್ಲಿ ‘ಚಿಕನ್ ಕರಿ’ ಎಂದು ಬರೆದ ಫಲಕವು ವ್ಯಾಕರಣದ ದೃಷ್ಟಿಯಿಂದ ಆಜ್ಞಾರ್ಥಕ ವಾಕ್ಯವಾಗಿಬಿಡುತ್ತದೆ, ಆ ಆಜ್ಞೆಯನ್ನು ಪಾಲಿಸಿದರೆ ಬರುವ ಪದಾರ್ಥವಾದರೋ ಪಕ್ಕದ ಸಾಲಿನಲ್ಲಿ ಬೇರೆ ಹೆಸರಿನಿಂದ, ಬೇರೆ ಬೆಲೆಗೆ ಇರುತ್ತದೆ. (ಶಬ್ದಾರ್ಥವಿಚಾರಕ್ಕೆ ಸಸ್ಯಾಹಾರ ಮಾಂಸಾಹಾರಗಳ ಭೇದವಿಲ್ಲ, ಪದಗಳು ಎಲ್ಲಿ ದೊರೆಯುತ್ತವೆಯೋ ಅಲ್ಲಿಗೆ ಹೋಗಲೇಬೇಕು.)

ಈ ವಿನೋದದ ಹಿಂದೆ ಗಂಭೀರವಾದ ಪ್ರಶ್ನೆಯೊಂದಿದೆ. ‘ಫ್ರೈ’ ಎಂಬ ಒಂದು ಪದ ಕನ್ನಡದ ‘ಹುರಿ’ ಮತ್ತು ‘ಕರಿ’ ಎಂಬ ಎರಡು ಧಾತುಗಳ ಸ್ಥಾನವನ್ನು ಆಕ್ರಮಿಸುತ್ತಿದೆ. ಅದರಿಂದ ದೊಡ್ಡ ಹಾನಿಯೇನೂ ಆಗಿಲ್ಲವೆಂದು ತೋರಬಹುದು. ಹಾನಿ ಆಗುತ್ತಿರುವುದು ಮರುಪ್ರಯಾಣದಲ್ಲಿ, ಅಂದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವಾಗ. ಇಂದಿನ ಆರೋಗ್ಯ ಲೇಖನಗಳನ್ನು, ಜಾಲತಾಣದ ಬರಹಗಳನ್ನು ಗಮನಿಸಿದವರಿಗೆ ‘ಹುರಿದ ಆಹಾರವನ್ನು ತ್ಯಜಿಸಿ’, ‘ಆಳವಾಗಿ ಹುರಿದ ತಿನಿಸುಗಳು ಹೃದಯಕ್ಕೆ ಒಳ್ಳೆಯದಲ್ಲ’ ಎಂಬಂಥ ವಾಕ್ಯಗಳು ಪರಿಚಿತ. ಮೂಲದಲ್ಲಿರುವುದು ‘ಫ್ರೈಡ್ ಫುಡ್’, ‘ಡೀಪ್ ಫ್ರೈಡ್’. ಯಂತ್ರಾನುವಾದವೂ, ಅದನ್ನು ತಿದ್ದದೆ ಒಪ್ಪಿಕೊಳ್ಳುವ ಸಂಪಾದಕರೂ ಅದನ್ನು ‘ಹುರಿದ’ ಎಂದು ಮಾಡುತ್ತಾರೆ. ‘ಆಳವಾಗಿ ಹುರಿ’ ಎಂಬುದು ಯಾವ ಅಡುಗೆಮನೆಯಲ್ಲಿಯೂ ಹುಟ್ಟಿದ ನುಡಿಗಟ್ಟಲ್ಲ. ಅದನ್ನು ಓದಿದ ಮಧುಮೇಹದ ರೋಗಿ, ಅದರಲ್ಲಿಯೂ ಇಂಗ್ಲಿಷ್ ಬಾರದ, ಕನ್ನಡವನ್ನು ಕನ್ನಡವಾಗಿಯೇ ಓದುವ ಹಿರಿಯ ಜೀವ ಏನು ಮಾಡಬೇಕು? ಹುರಿಗಡಲೆಯನ್ನು ಬಿಡಬೇಕು, ಹುರಿದ ಕಡಲೆಕಾಯಿಯನ್ನು ಬಿಡಬೇಕು, ರಾಗಿ ಹುರಿಹಿಟ್ಟನ್ನು ಬಿಡಬೇಕು. ಬೋಂಡ, ವಡೆ, ಹಪ್ಪಳಗಳನ್ನು ತಿನ್ನಲು ಮಾತ್ರ ಅಡ್ಡಿಯಿಲ್ಲ. ಅವು ಕರಿದವು, ಹುರಿದವಲ್ಲ. 100 ಗ್ರಾಂ ಹುರಿಗಡಲೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದ್ದು ಕೊಬ್ಬು ಸುಮಾರು 5 ಗ್ರಾಂ ಮಾತ್ರ. ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ಚಿಪ್ಸ್‌ನ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಎಣ್ಣೆಯೇ ಇರುತ್ತದೆ, ಹಸಿ ಆಲೂಗಡ್ಡೆಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ವೈದ್ಯನು ಬೇಡವೆಂದದ್ದು ಎರಡನೆಯದನ್ನು. ಅನುವಾದ ನಿಷೇಧಿಸಿದ್ದು ಮೊದಲನೆಯದನ್ನು.

ಹಾಗಾದರೆ ಈ ಎರಡು ಧಾತುಗಳ ನಡುವಿನ ಗೆರೆ ನಿಖರವಾಗಿ ಎಲ್ಲಿದೆ? ಕನ್ನಡಿಗರಾರೂ ಬಳಕೆಯಲ್ಲಿ ತಪ್ಪುವುದಿಲ್ಲ. ಕಾರಣ ಕೇಳಿದರೆ ಮಾತ್ರ ತಡವರಿಸುತ್ತಾರೆ. ಮೊದಲು ಪ್ರಯೋಗಗಳನ್ನು ನೋಡಬೇಕು. ಕಡಲೆ, ಅಕ್ಕಿ, ಎಳ್ಳು, ಮೆಂತ್ಯ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ರವೆ, ಶ್ಯಾವಿಗೆ ಇವುಗಳನ್ನು ಹುರಿಯುತ್ತಾರೆ. ವಡೆ, ಬೋಂಡ, ಪೂರಿ, ಚಕ್ಕುಲಿ, ಕೋಡುಬಳೆ, ಸಂಡಿಗೆ ಇವುಗಳನ್ನು ಕರಿಯುತ್ತಾರೆ. ಪ್ರೌಢಶಾಲೆಯ ವ್ಯಾಕರಣವನ್ನು ಓದಿದ ಎಲ್ಲರಿಗೂ ಗಮಕ ಸಮಾಸದ ಉದಾಹರಣೆಯಾಗಿ ‘ಹುರಿದುದು + ಕಡಲೆ = ಹುರಿಗಡಲೆ’ ಎಂಬುದು ಬಾಯಿಪಾಠವಾಗಿರುತ್ತದೆ. ಅದೇ ಅಚ್ಚಿನಲ್ಲಿ ಎರಕಗೊಂಡ, ಅಷ್ಟೇ ಶುದ್ಧವಾದ ಇನ್ನೊಂದು ಸಮಾಸ ‘ಕರಿಗಡುಬು’. ಕರಿದುದು ಆದ ಕಡುಬು ಅದು, ಹಬೆಯಲ್ಲಿ ಬೆಂದ ಕಡುಬಿನಿಂದ ತನ್ನನ್ನು ಬೇರ್ಪಡಿಸಿಕೊಳ್ಳಲೆಂದೇ ಆ ಪೂರ್ವಪದವನ್ನು ಧರಿಸಿದೆ. ಇದನ್ನು ‘ಕಪ್ಪಾದ ಕಡುಬು’ ಎಂದು ಬಿಡಿಸುವ ವಿದ್ಯಾರ್ಥಿಗಳು ಇಲ್ಲದಿಲ್ಲ. ಅಂಥವರು ಹೊಂಬಣ್ಣದ ಆ ಕಡುಬನ್ನು ಒಮ್ಮೆ ಕಣ್ಣಿನಿಂದ ನೋಡುವುದು ಒಳಿತು. ‘ಹುರಿಗಡುಬು’ ಎಂಬ ಪದವಾಗಲಿ, ‘ಕರಿಹಿಟ್ಟು’ ಎಂದು ಹುರಿಹಿಟ್ಟನ್ನು ಕರೆಯುವುದಾಗಲಿ ಭಾಷೆಯಲ್ಲಿ ಸಾಧ್ಯವಾಗಿಲ್ಲ. ಒಂದೇ ಲಯ, ಒಂದೇ ಸಂಧಿಕಾರ್ಯ, ಒಂದೇ ಅಂತ್ಯಾಕ್ಷರ ಇದ್ದರೂ ಭಾಷೆ ಇವೆರಡನ್ನು ಅದಲುಬದಲು ಮಾಡಿಲ್ಲ.

ಸಾಮಾನ್ಯವಾಗಿ ಕೊಡುವ ವಿವರಣೆ ಎಣ್ಣೆಯನ್ನು ಕುರಿತದ್ದು: ಎಣ್ಣೆಯಿಲ್ಲದೆ ಮಾಡಿದರೆ ಹುರಿಯುವುದು, ಎಣ್ಣೆಯಲ್ಲಿ ಮಾಡಿದರೆ ಕರಿಯುವುದು. ಇದು ಬೇಗನೆ ಮುರಿದುಬೀಳುತ್ತದೆ. ಕೇಸರಿಬಾತಿಗೆ ರವೆಯನ್ನು ತುಪ್ಪದಲ್ಲಿ ಹುರಿಯುತ್ತಾರೆ, ‘ತುಪ್ಪದಲ್ಲಿ ರವೆ ಕರಿ’ ಎಂದು ಹೇಳಿದರೆ ನಗು ಬರುತ್ತದೆ. ಮೈಸೂರು ಸೀಮೆಯಲ್ಲಿ ಸಾರಿನ ಪುಡಿಗೆ ಬೇಕಾದ ಸಾಮಗ್ರಿಯನ್ನು ತೊಟ್ಟು ಎಣ್ಣೆ ಹಾಕಿಯೇ ಹುರಿಯುತ್ತಾರೆ. ಎಣ್ಣೆ ಬಿತ್ತೆಂಬ ಮಾತ್ರಕ್ಕೆ ಧಾತು ಬದಲಾಗುವುದಿಲ್ಲ.

ಎರಡನೆಯ ವಿವರಣೆ ಸ್ವಲ್ಪ ಹೆಚ್ಚು ಸೂಕ್ಷ್ಮವಾದದ್ದು: ಪದಾರ್ಥವು ಪೂರ್ತಿ ಮುಳುಗಿದರೆ ಕರಿಯುವುದು, ಇಲ್ಲದಿದ್ದರೆ ಹುರಿಯುವುದು. ಆಹಾರವಿಜ್ಞಾನದ ಪುಸ್ತಕಗಳು ಒಪ್ಪುವ ವಿವರಣೆ ಇದು. ಆದರೆ ಭಾಷೆ ಇದಕ್ಕೂ ಒಂದು ತಡೆಯನ್ನು ಒಡ್ಡುತ್ತದೆ, ಆ ತಡೆಯ ಹೆಸರು ಮರಳು. ಕಡಲೆಯನ್ನೂ, ಪುರಿಯನ್ನೂ, ಹುರಿಹಿಟ್ಟಿಗೆ ಬೇಕಾದ ರಾಗಿಯನ್ನೂ ಭಟ್ಟಿಗಳಲ್ಲಿ ಕಾದ ಮರಳಿನೊಳಗೆ ಹಾಕಿಯೇ ಅರಳಿಸುತ್ತಾರೆ. ಕಾಳುಗಳು ಮರಳಿನಲ್ಲಿ ಸಂಪೂರ್ಣವಾಗಿ ಮುಳುಗಿರುತ್ತವೆ, ಮರಳು ಅವನ್ನು ಎಲ್ಲ ದಿಕ್ಕುಗಳಿಂದಲೂ ಸುತ್ತುವರಿದು ಶಾಖ ಕೊಡುತ್ತದೆ. ಮುಳುಗುವುದೇ ಲಕ್ಷಣವಾಗಿದ್ದರೆ ಇದು ‘ಮರಳಿನಲ್ಲಿ ಕರಿಯುವುದು’ ಆಗಬೇಕಿತ್ತು. ಯಾರೂ ಹಾಗೆನ್ನುವುದಿಲ್ಲ, ಅದು ಹುರಿಯುವುದೇ.

ಸರಿಯಾದ ಉತ್ತರವು ಕೈಯಲ್ಲಿದೆ ಎಂದು ತೋರುತ್ತದೆ, ಅಂದರೆ ಅಡುಗೆ ಮಾಡುವವಳ ಕೈಯಲ್ಲಿ. ಪಾಕವಿಧಾನದ ವಾಕ್ಯಗಳಲ್ಲಿ ‘ಹುರಿ’ ಧಾತುವಿನ ಹಿಂದೆ ಬರುವ ಕ್ರಿಯಾವಿಶೇಷಣಗಳನ್ನು ಗಮನಿಸಬೇಕು: ‘ಕೈಯಾಡಿಸುತ್ತಾ ಹುರಿಯಿರಿ’, ‘ಸೀಯದಂತೆ ಹುರಿಯಿರಿ’, ‘ಘಮ ಬರುವವರೆಗೆ ಹುರಿಯಿರಿ’. ಹುರಿಯುವಾಗ ಕೈ ನಿಂತರೆ ಕೆಲಸ ಕೆಡುತ್ತದೆ. ಬಾಣಲೆಯ ತಳಕ್ಕೆ ತಾಗಿದ ಕಾಳು ಸೀಯುತ್ತದೆ, ಮೇಲಿರುವುದು ಹಸಿಯಾಗಿಯೇ ಉಳಿಯುತ್ತದೆ. ಶಾಖವನ್ನು ಸಮನಾಗಿ ಹಂಚುವ ಹೊಣೆ ಕೈಯದು. ‘ಕರಿ’ ಧಾತುವಿನ ಹಿಂದೆ ಬರುವ ಮಾತುಗಳು ಬೇರೆ: ‘ಕಾದ ಎಣ್ಣೆಯಲ್ಲಿ ಬಿಟ್ಟು ಕರಿಯಿರಿ’, ‘ಹೊಂಬಣ್ಣಕ್ಕೆ ಕರಿದು ತೆಗೆಯಿರಿ’. ಇಲ್ಲಿರುವುದು ಬಿಡುವ ಮತ್ತು ತೆಗೆಯುವ ಕೈ. ನಡುವೆ ಒಮ್ಮೆ ತಿರುವಿಹಾಕಿದರೂ ಶಾಖವನ್ನು ಹಂಚುವ ಹೊಣೆ ಎಣ್ಣೆಗೆ ಸೇರಿದ್ದು. ಸುಮಾರು 170ರಿಂದ 190 ಡಿಗ್ರಿಗೆ ಕಾದ ಎಣ್ಣೆಗೆ ಹಿಟ್ಟು ಬಿದ್ದೊಡನೆ ಅದರೊಳಗಿನ ನೀರು ಆವಿಯಾಗಿ ಗುಳ್ಳೆಗಳಾಗಿ ಹೊರಡುತ್ತದೆ; ಗುಳ್ಳೆ ನಿಂತಿತೆಂದರೆ ವಡೆ ಆಯಿತೆಂದು ಅರ್ಥ. ಆಮೇಲೆ ವಡೆ ಆರುತ್ತಿದ್ದಂತೆ, ಆವಿ ಖಾಲಿ ಮಾಡಿದ ಜಾಗಕ್ಕೆ ಮೇಲ್ಮೈಯ ಎಣ್ಣೆ ಇಳಿಯುತ್ತದೆ. ಮರಳು ಹೀಗೆ ಇಳಿಯುವುದಿಲ್ಲ, ಜರಡಿ ಹಿಡಿದರೆ ಬಿದ್ದುಹೋಗುತ್ತದೆ. ಅಷ್ಟೇ ಅಲ್ಲದೆ ಮರಳಿನ ಬಾಣಲೆಯಲ್ಲಿ ಸೌಟು ಒಂದು ಕ್ಷಣವೂ ನಿಲ್ಲುವಂತಿಲ್ಲ. ಆದ್ದರಿಂದಲೇ ಅಲ್ಲಿ ಧಾತು ಹುರಿ.

ಈ ದೃಷ್ಟಿಯಿಂದ ನೋಡಿದರೆ ಕರ್ಮಪದಗಳ ಹಂಚಿಕೆಯೂ ತಾನಾಗಿ ವಿವರಣೆಗೊಳ್ಳುತ್ತದೆ. ಕೈಯಾಡಿಸಬೇಕಾದರೆ ವಸ್ತು ಚಿಕ್ಕದಾಗಿರಬೇಕು, ಬಿಡಿಯಾಗಿರಬೇಕು, ಹಲವಾಗಿರಬೇಕು. ಹುರಿಯುವುದೆಲ್ಲ ಬಹುಮಟ್ಟಿಗೆ ಕಾಳು, ಬೀಜ, ಪುಡಿ, ಚೂರು. ಕರಿಯುವ ವಸ್ತುವಿಗೆ ಆಕಾರವಿರುತ್ತದೆ. ಅದನ್ನು ಕೈಯಲ್ಲಿ ತಟ್ಟಿ, ಲಟ್ಟಿಸಿ, ಒತ್ತಿ ಮಾಡಿರುತ್ತಾರೆ, ಆ ಆಕಾರ ಉಳಿಯಬೇಕು. ಹಪ್ಪಳವನ್ನು ಕರಿಯಬಹುದು, ಕೆಂಡದ ಮೇಲೆ ಸುಡಬಹುದು, ಹುರಿಯಲು ಮಾತ್ರ ಬಾರದು; ಹುರಿದರೆ ಅದು ಚೂರಾಗುತ್ತದೆ. ಕಡಲೆಕಾಯಿಯಾದರೋ ಎಲ್ಲ ಧಾತುಗಳಿಗೂ ಒದಗುವ ಉದಾರಿ. ಬಸವನಗುಡಿಯ ಪರಿಷೆಯಲ್ಲಿ ಅದನ್ನು ಬೇಯಿಸಿ ಮಾರುತ್ತಾರೆ, ಹುರಿದು ಮಾರುತ್ತಾರೆ. ಬೀಜವನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಅಂಗಿ ತೊಡಿಸಿದರೆ ಮಾತ್ರ ಅದು ಕರಿಯುವ ಪದಾರ್ಥವಾಗುತ್ತದೆ.

ಮಾರುಕಟ್ಟೆಯ ಬೀದಿಗೆ ಮರಳಿದರೆ ಈ ವಾದಕ್ಕೆ ಅನಿರೀಕ್ಷಿತವಾದ ಸಮರ್ಥನೆ ದೊರೆಯುತ್ತದೆ. ರಸೆಲ್ ಮಾರುಕಟ್ಟೆಯ ಕಟ್ಟಡ 1927ರದು. ದಂಡುಪ್ರದೇಶದ ಪುರಸಭೆಯ ಕಮಿಷನರ್ ಆಗಿದ್ದ ಟಿ. ಬಿ. ರಸೆಲ್ ಅವರ ಹೆಸರು ಅದಕ್ಕೆ ಬಂದಿದೆ. 1809ರಲ್ಲಿ ಆರಂಭವಾದ ಬೆಂಗಳೂರಿನ ದಂಡು 1947ರಲ್ಲಿ ಮೈಸೂರು ಸಂಸ್ಥಾನಕ್ಕೆ ಮರಳುವವರೆಗೂ ಬೇರೆಯೇ ಆಡಳಿತದಲ್ಲಿತ್ತು. ಅಲ್ಲಿಯ ಬೀದಿಗಳಲ್ಲಿ ತಮಿಳು, ದಖನಿ ಉರ್ದು, ತೆಲುಗು, ಇಂಗ್ಲಿಷ್‌ಗಳ ಜೊತೆಯಲ್ಲಿ ಕನ್ನಡವು ಬದುಕಿದೆ. ಇಂದಿಗೂ ಒಂದು ಹತ್ತು ಹೆಜ್ಜೆಯ ಅಂತರದಲ್ಲಿ ಈ ಭಾಷೆಗಳ ಅಡುಗೆ ಧಾತುಗಳನ್ನೆಲ್ಲ ಕೇಳಬಹುದು. ದಖನಿಯನ್ನಾಡುವವರಿಗೆ ‘ಭುನ್ನಾ’ ಬೇರೆ, ‘ತಲ್ನಾ’ ಬೇರೆ. ಒಣಕಡಲೆಯನ್ನು ಭೂನುತ್ತಾರೆ; ಮಸಾಲೆಯನ್ನು ಎಣ್ಣೆಯಲ್ಲಿ ಕೈಯಾಡಿಸುತ್ತಾ ಬಾಡಿಸುವುದನ್ನೂ ಭೂನುವುದೆಂದೇ ಹೇಳುತ್ತಾರೆ. ಸಮೋಸಾವನ್ನು ಮಾತ್ರ ತಲುತ್ತಾರೆ. ಎಣ್ಣೆಯಿದ್ದರೂ ಇಲ್ಲದಿದ್ದರೂ ಕೈಯಾಡಿದರೆ ಒಂದು ಧಾತು, ಎಣ್ಣೆಗೆ ಬಿಟ್ಟರೆ ಇನ್ನೊಂದು. ಕನ್ನಡದ ಗೆರೆ ಎಲ್ಲಿದೆಯೋ ಅಲ್ಲಿಯೇ ಇಂಡೋ-ಆರ್ಯ ಕುಲದ ಈ ಭಾಷೆಯ ಗೆರೆಯೂ ಇದೆ.

ತಮಿಳಿನ ಸಾಕ್ಷ್ಯ ಇನ್ನೂ ಕುತೂಹಲಕರ. ತಮಿಳಿನ ‘ಪೊರಿ’ ಮತ್ತು ಕನ್ನಡದ ‘ಹುರಿ’ ಜ್ಞಾತಿಪದಗಳು. ಪದಾದಿಯ ಒಕಾರವು ಮುಂದಿನ ಇಕಾರದ ಪ್ರಭಾವದಿಂದ ಕನ್ನಡದಲ್ಲಿ ಉಕಾರವಾಗುವುದು ಸುಪರಿಚಿತವಾದ ಧ್ವನಿನಿಯಮ. ತಮಿಳಿನ ಪೊಡಿ ಕನ್ನಡದಲ್ಲಿ ಪುಡಿ. ತಮಿಳಿನ ಕೊದಿ ಕನ್ನಡದಲ್ಲಿ ಕುದಿ. ಹಾಗೆಯೇ ಪೊರಿ ಕನ್ನಡದಲ್ಲಿ ಪುರಿ. ಆಮೇಲೆ ಪಕಾರವು ಹಕಾರವಾಗಿ, ಪುಡಿಯು ಕರಾವಳಿಯಲ್ಲಿ ಹುಡಿಯಾದಂತೆ, ಪುರಿಯು ಹುರಿಯಾಯಿತು. ಆದರೆ ಧಾತುವಿನಲ್ಲಿ ಅಳಿದ ಪಕಾರವು ಬೆಂಗಳೂರಿನ ‘ಕಡಲೆಪುರಿ’ ಎಂಬ ನಾಮಪದದಲ್ಲಿ ಇಂದಿಗೂ ಉಳಿದುಕೊಂಡಿದೆ. ಬೇರೆ ಸೀಮೆಗಳಲ್ಲಿ ಮಂಡಕ್ಕಿ, ಚುರುಮುರಿ ಎಂಬ ಹೆಸರುಗಳು ಬಂದು ಅದನ್ನು ತಳ್ಳಿಹಾಕಿವೆ. ಶಿವಾಜಿನಗರದ ಬೀದಿಯಲ್ಲಿ ಒಬ್ಬನು ‘ಪೊರಿ’ ಎಂದೂ ಇನ್ನೊಬ್ಬನು ‘ಪುರಿ’ ಎಂದೂ ಕೇಳಿ ಒಂದೇ ಮೂಟೆಯಿಂದ ಅಳೆಸಿಕೊಳ್ಳುವಾಗ, ಸಾವಿರ ವರ್ಷಗಳಿಗೂ ಹಿಂದಿನ ಸ್ವರಪಲ್ಲಟವೊಂದು ಅಲ್ಲಿ ಕಿವಿಗೆ ಬೀಳುತ್ತಿರುತ್ತದೆ.

ನಾಮಪದದಲ್ಲಿ ಹೀಗೆ ಜೊತೆಯಾಗಿರುವ ಎರಡು ಭಾಷೆಗಳು ಕ್ರಿಯಾಪದದಲ್ಲಿ ಬೇರೆಬೇರೆ ದಾರಿ ಹಿಡಿದಿವೆ. ತಮಿಳರು ಅಪ್ಪಳವನ್ನು ಪೊರಿಯುತ್ತಾರೆ. ರವೆಯನ್ನು ‘ವಱು’ ಎಂಬ ಧಾತುವಿನಿಂದ ಹುರಿಯುತ್ತಾರೆ. ಎಂದರೆ ಕನ್ನಡದ ಹುರಿಗೆ ತಮಿಳಿನಲ್ಲಿ ಸಮಾನಾರ್ಥಕವಾದದ್ದು ವಱು, ಕನ್ನಡದ ಕರಿಗೆ ಸಮಾನಾರ್ಥಕವಾದದ್ದು ಹುರಿಯ ಒಡಹುಟ್ಟಾದ ಪೊರಿ! (ಮೀನು, ಆಲೂಗಡ್ಡೆಗಳ ವಿಷಯದಲ್ಲಿ ತಮಿಳಿನ ವಱು ಕೆಲವೊಮ್ಮೆ ಎಣ್ಣೆಯ ಕಡೆಗೂ ಚಾಚುತ್ತದೆ, ಅಪ್ಪಳ ರವೆಗಳಲ್ಲಿ ಗೆರೆ ಸ್ಪಷ್ಟವಾಗಿದೆ.) ಸಿಡಿದು ಅರಳುವುದು ಮೂಲದ ಭಾವವಾಗಿದ್ದರೆ, ತಮಿಳು ಆ ಭಾವವನ್ನು ಎಣ್ಣೆಯಲ್ಲಿ ಉಬ್ಬುವ ಅಪ್ಪಳಕ್ಕೆ ಒಯ್ದಿತು, ಕನ್ನಡವು ಮರಳಿನಲ್ಲಿ ಅರಳುವ ಕಾಳಿಗೆ ಕಟ್ಟಿತು ಎಂದು ಊಹಿಸಲು ಅವಕಾಶವಿದೆ. ಮನೆಮಾತು ತಮಿಳಾಗಿರುವ ಬೆಂಗಳೂರಿಗರು ಕನ್ನಡದಲ್ಲಿ ಮಾತನಾಡುವಾಗ ‘ಹಪ್ಪಳ ಹುರಿ’ ಎಂದರೆ ಅದನ್ನು ಅಜ್ಞಾನವೆಂದು ನಗಬೇಕಾಗಿಲ್ಲ. ಧ್ವನಿನಿಯಮವನ್ನು ತಮಗರಿವಿಲ್ಲದೆಯೇ ಸರಿಯಾಗಿ ಅನ್ವಯಿಸಿದವರು ಅವರು. ತೆಲುಗಿನ ದಾರಿ ಮತ್ತೊಂದು. ಕನ್ನಡದ ‘ಬೇ’ ಧಾತುವಿನ ಜ್ಞಾತಿಯೇ ಅಲ್ಲಿ ‘ವೇಯಿಂಚು’, ‘ವೇಪುಡು’ ಎಂದಾಗಿ ಹುರಿಯುವುದಕ್ಕೂ ಕರಿಯುವುದಕ್ಕೂ ಸಲ್ಲುತ್ತದೆ. ಕನ್ನಡದಲ್ಲಿ ಅದೇ ಧಾತು ನೀರಿನ ಪಾತ್ರೆಯೊಳಗೆ ಬೇಯುತ್ತಿದೆ. ಪದಗಳು ಗೆರೆಯ ಆಚೀಚೆ ಓಡಾಡಿವೆ. ತಮಿಳಿನಲ್ಲಿಯೂ ಕನ್ನಡದಲ್ಲಿಯೂ ದಖನಿಯಲ್ಲಿಯೂ ಗೆರೆ ಮಾತ್ರ ತನ್ನ ಜಾಗದಲ್ಲಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದೇನು ಎಂಬ ಪ್ರಶ್ನೆ ಸಹಜ. ಒಂದು ಪ್ರಯೋಜನ ಗ್ರಂಥಸಂಪಾದನೆಯಲ್ಲಿದೆ. 16ನೆಯ ಶತಮಾನದ ಆರಂಭದಲ್ಲಿದ್ದ ಜೈನಕವಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ್ದಾನೆ. ಪಾಕಶಾಸ್ತ್ರವನ್ನು ಪದ್ಯದಲ್ಲಿ ಹೇಳುವವನಿಗೆ ಛಂದಸ್ಸು ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತದೆ; ಎಷ್ಟೋ ಕಡೆ ಪದದ ಆಯ್ಕೆ ಮಾತ್ರೆಗಳ ಅಥವಾ ಪ್ರಾಸದ ಒತ್ತಾಯದಿಂದ ಆಗಿರುತ್ತದೆ. ಆದರೆ ಹುರಿ ಮತ್ತು ಕರಿ ಎರಡೂ ಎರಡೆರಡು ಲಘುಗಳ ಪದಗಳು, ನಡುಗನ್ನಡದ ವೇಳೆಗೆ ಎರಡರ ಎರಡನೆಯ ಅಕ್ಷರವೂ ಒಂದೇ ಆಗಿ ಕೇಳುವುದರಿಂದ ಪ್ರಾಸಕ್ಕೂ ಭಂಗವಿಲ್ಲ. ಷಟ್ಪದಿಯ ಯಾವ ಸ್ಥಾನದಲ್ಲಿಯೂ ಒಂದನ್ನು ತೆಗೆದು ಇನ್ನೊಂದನ್ನು ಇಡಬಹುದು, ಛಂದಸ್ಸು ದೂರುವುದಿಲ್ಲ. ಹಸ್ತಪ್ರತಿಗಳಲ್ಲಿ ‘ಹುರಿದು’, ‘ಕರಿದು’ ಎಂಬ ಪಾಠಾಂತರ ಬಂದಲ್ಲಿ ಸಂಪಾದಕನಿಗೆ ಮಾತ್ರಾಗಣನೆಯ ಸಹಾಯ ದೊರೆಯದು, ಪ್ರಾಸದ ಸಹಾಯವೂ ದೊರೆಯದು. ಅರ್ಥವೊಂದೇ ತೀರ್ಪು ಕೊಡಬೇಕು. ಮುಂದಿನ ಪಾದದಲ್ಲಿ ಬರುವುದು ಬೀಸುಕಲ್ಲೋ ಬಡಿಸುವ ತಟ್ಟೆಯೋ ಎಂದು ನೋಡಬೇಕು. ಹುರಿದದ್ದು ಹೆಚ್ಚಾಗಿ ಮುಂದಿನ ಕೆಲಸಕ್ಕೆ ಸಿದ್ಧತೆ, ಕರಿದದ್ದು ಹೆಚ್ಚಾಗಿ ಕೊನೆಯ ಹಂತ. ಅಡುಗೆಮನೆಗೆ ಕಾಲಿಡದ ಪಂಡಿತನಿಗೆ ಇಂಥಲ್ಲಿ ಕಷ್ಟವಿದೆ.

ಇನ್ನೊಂದು ಪ್ರಯೋಜನ ರೂಪಕಗಳ ವಿಷಯದಲ್ಲಿ. ಕರ್ಮವು ಕ್ಷಯವಾದ ಜೀವಕ್ಕೆ ಮತ್ತೆ ಭವವಿಲ್ಲ ಎಂಬುದನ್ನು ತಿಳಿಸಲು ಭಾರತೀಯ ದರ್ಶನಗಳು, ಅವುಗಳಲ್ಲಿ ಜೈನದರ್ಶನವೂ ಒಂದು, ದಗ್ಧಬೀಜದ ದೃಷ್ಟಾಂತವನ್ನು ಬಳಸುತ್ತವೆ. ಬೆಂಕಿ ತಗುಲಿದ ಬೀಜ ಮೊಳೆಯದು. ಕನ್ನಡದಲ್ಲಿ ಇದನ್ನು ಹೇಳುವಾಗ ನಾಲಗೆಗೆ ಬರುವುದು ‘ಹುರಿದ ಬೀಜ’. ಬೇಯಿಸಿದ ಬೀಜವೂ ಮೊಳೆಯುವುದಿಲ್ಲ, ಎಣ್ಣೆಯಲ್ಲಿ ಕರಿದದ್ದು ಮೊದಲೇ ಮೊಳೆಯುವುದಿಲ್ಲ. ಆದರೂ ದೃಷ್ಟಾಂತಕ್ಕೆ ಒದಗುವುದು ಹುರಿದದ್ದೇ. ಹುರಿದ ಬೀಜವು ನೋಡಲು ಬಿತ್ತುವ ಬೀಜದಂತೆಯೇ ಇರುತ್ತದೆ. ಬೆಂದದ್ದು ಮೆತ್ತಗಾಗುತ್ತದೆ, ಕರಿದದ್ದು ಎಣ್ಣೆ ಹಿಡಿಯುತ್ತದೆ. ರೂಪ ಉಳಿದು ಮೊಳೆಯುವ ಶಕ್ತಿ ಮಾತ್ರ ಹೋಗಬೇಕು. ಶರೀರವಿದ್ದೂ ಕರ್ಮಬಂಧ ಹರಿದ ಸ್ಥಿತಿಗೆ ಹೋಲಿಕೆಯಾಗಲು ಅದೇ ಬೇಕು. ಈ ದೃಷ್ಟಾಂತ ಬರುವ ಭಾಗವನ್ನು ಇಂಗ್ಲಿಷಿಗೆ ಒಯ್ಯುವವರು ‘ಫ್ರೈಡ್ ಸೀಡ್’ ಎಂದರೆ ಓದುಗನ ಕಣ್ಣಮುಂದೆ ಎಣ್ಣೆಯ ಬಾಣಲೆ ಬಂದು ನಿಲ್ಲುತ್ತದೆ, ದರ್ಶನವು ಜಾರಿಹೋಗುತ್ತದೆ. ಇಂಗ್ಲಿಷಿನಲ್ಲಿಯೇ ‘ರೋಸ್ಟ್’ ಇದೆ, ‘ಪಾರ್ಚ್’ ಇದೆ. ಅವನ್ನು ಬಳಸಲು ಏನು ಕಷ್ಟ?

ಆಡುಮಾತಿನ ರೂಪಕಗಳಲ್ಲಿಯೂ ಭೇದ ಉಳಿದಿದೆ. ಬಿಡುವಿಲ್ಲದೆ ಕಾಡುವವರನ್ನು ಕುರಿತು ‘ಹುರಿದು ಮುಕ್ಕುತ್ತಾನೆ’ ಎನ್ನುತ್ತಾರೆ. ಇಲ್ಲಿ ‘ಕರಿದು ಮುಕ್ಕು’ ಹೊಂದದು: ಕಾಟದ ಲಕ್ಷಣವೇ ಕೈ ನಿಲ್ಲದಿರುವುದು, ಮುಕ್ಕುವುದಾದರೂ ಪುಡಿಯನ್ನು, ಕಾಳನ್ನು. ‘ಹುರಿದುಂಬಿಸು’ ಎಂಬುದನ್ನು ಇದರೊಡನೆ ಬೆರೆಸಬಾರದು. ಅಲ್ಲಿರುವುದು ಹಗ್ಗದ ಹುರಿ, ಹೊಸೆದ ಎಳೆಯ ಬಿಗುವು. ತಮಿಳಿನಲ್ಲಿ ಹಗ್ಗದ್ದು ‘ಪುರಿ’, ಕಾಳಿನದು ‘ಪೊರಿ’. ಅಲ್ಲಿ ಎರಡೂ ಬೇರೆಯಾಗಿ ಉಳಿದಿವೆ. ಮೇಲೆ ಹೇಳಿದ ಸ್ವರಪಲ್ಲಟದಿಂದ ಕನ್ನಡದಲ್ಲಿ ಎರಡೂ ಒಂದಾಗಿ, ಪ್ರೋತ್ಸಾಹಿಸುವುದೂ ಬಾಣಲೆಗೆ ಹಾಕುವುದೂ ಒಂದೇ ಮೂಲದವೆಂಬ ಭ್ರಮೆಗೆ ಎಡೆಯಾಗಿದೆ.

ಇಷ್ಟು ಹೇಳಿದ ಮೇಲೆ ‘ಫ್ರೈ’ ಎಂಬ ಪದವನ್ನು ಮಾರುಕಟ್ಟೆಯಿಂದ ಓಡಿಸಬೇಕೆಂದು ಯಾರಾದರೂ ಭಾವಿಸಿದರೆ ಅದು ಅತಿಯಾದೀತು. ಭಕ್ಷ್ಯದ ಹೆಸರಾಗಿ ಅದು ಬೇರೂರಿದೆ, ಇರಲಿ. ಗಮನಿಸಬೇಕಾದದ್ದು ಆ ಹೆಸರಿನ ಕೆಳಗೆ ಅಡಗಿರುವ ಕ್ರಿಯೆಗಳನ್ನು. ಶಿವಾಜಿನಗರದ ಖಾನಾವಳಿಗಳ ಫಲಕದಲ್ಲಿ ‘ಮಟನ್ ಫ್ರೈ’ ಎಂದಿರುವುದು ಬೇಯಿಸಿದ ಮಾಂಸವನ್ನು ಮಸಾಲೆಯೊಡನೆ ಕೈಯಾಡಿಸಿ ಹುರಿದದ್ದು. ‘ಫಿಶ್ ಫ್ರೈ’ ಎಂಬುದು ಕಾವಲಿಯ ಮೇಲೆ ಎರಡು ಮಗ್ಗುಲು ತಿರುವಿದ್ದು. ನಿಜವಾಗಿ ಎಣ್ಣೆಯಲ್ಲ್ಲಿ ಮುಳುಗಿಸಿ ಕರಿದದ್ದಕ್ಕೆ ಬೆಂಗಳೂರಿನಲ್ಲಿ ಇರುವ ಹೆಸರು ‘ಕಬಾಬ್’; ಉತ್ತರ ಭಾರತದಿಂದ ಬಂದವರು, ಕೆಂಡದ ಮೇಲೆ ಸುಟ್ಟದ್ದು ಬರುವುದೆಂದು ಕಾಯುತ್ತಾ ಕುಳಿತಿರುತ್ತಾರೆ. ರಂಜಾನ್ ಸಂಜೆಗಳಲ್ಲಿ ಸಲಾಕೆಗೆ ಚುಚ್ಚಿ ಸುಟ್ಟದ್ದೂ ಬಾಣಲೆಯಲ್ಲಿ ಕರಿದದ್ದೂ ಅದೇ ಒಂದು ಹೆಸರಿನಲ್ಲಿ ಅಕ್ಕಪಕ್ಕದಲ್ಲಿ ಮಾರಾಟವಾಗುತ್ತವೆ. ಹೆಸರುಗಳು ಹೀಗೆ ಸಡಿಲವಾಗಿದ್ದರೂ ಗ್ರಾಹಕನಿಗೆ ನಷ್ಟವಿಲ್ಲ, ಏಕೆಂದರೆ ಪದಾರ್ಥ ಅವನ ಕಣ್ಣೆದುರಿಗಿದೆ. ಮುದ್ರಿತ ಪುಟದಲ್ಲಿ ಪದಾರ್ಥವಿಲ್ಲ, ಪದ ಮಾತ್ರ ಇದೆ.

ಆದ್ದರಿಂದ ಹೊಣೆ ಬರೆಯುವವರದು, ಅದಕ್ಕಿಂತ ಹೆಚ್ಚಾಗಿ ನಿಘಂಟುಕಾರರದು. ಇಂಗ್ಲಿಷ್–ಕನ್ನಡ ನಿಘಂಟುಗಳು ಸಾಮಾನ್ಯವಾಗಿ ‘ಫ್ರೈ’ ಎಂಬುದರ ಮುಂದೆ ‘ಹುರಿ, ಕರಿ’ ಎಂದು ಅಲ್ಪವಿರಾಮವೊಂದನ್ನು ಇಟ್ಟು ಮುಂದೆ ಸಾಗುತ್ತವೆ. ಆ ಅಲ್ಪವಿರಾಮವು ಎರಡನ್ನೂ ಪರ್ಯಾಯಗಳೆಂದು ಸಾರುತ್ತದೆ. ಅನುವಾದಕನು ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಾನೆ, ಅವನ ಬರಹಗಳನ್ನು ಉಣಿಸಿ ಬೆಳೆಸಿದ ಯಂತ್ರವೂ ಅದನ್ನೇ ಎತ್ತಿಕೊಳ್ಳುತ್ತದೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಬೃಹತ್ ನಿಘಂಟನ್ನು ಸಿದ್ಧಪಡಿಸಿದ ಭಾಷೆಗೆ ಇದು ಶೋಭೆಯಲ್ಲ. ಕರ್ಮಪದವನ್ನು ಜೊತೆಗಿಟ್ಟು ಅರ್ಥ ಹೇಳಿದರೆ ಸಾಕು: ಕಾಳು, ಬೀಜ, ರವೆಗೆ ಹುರಿ, ವಡೆ, ಪೂರಿ, ಹಪ್ಪಳಕ್ಕೆ ಕರಿ, ಈರುಳ್ಳಿ, ಸೊಪ್ಪಿಗೆ ಬಾಡಿಸು. ‘ಡೀಪ್ ಫ್ರೈ’ ಎಂಬುದಕ್ಕೆ ‘ಆಳವಾಗಿ’ ಎಂಬ ವಿಶೇಷಣವೇ ಬೇಕಾಗಿಲ್ಲ. ಇಂಗ್ಲಿಷಿಗೆ ಎರಡು ಪದಗಳು ಬೇಕಾದಲ್ಲಿ ಕನ್ನಡಕ್ಕೆ ಎರಡು ಅಕ್ಷರ ಸಾಕು.

ಈಗ ಮನೆಗಳಿಗೆ ‘ಏರ್ ಫ್ರೈಯರ್’ ಎಂಬ ಯಂತ್ರವೂ ಬಂದಿದೆ. ಅದನ್ನು ‘ಎಣ್ಣೆಯಿಲ್ಲದೆ ಕರಿಯುವ’ ಸಾಧನವೆಂದು ಕನ್ನಡದಲ್ಲಿ ವರ್ಣಿಸುವುದು ವದತೋವ್ಯಾಘಾತ; ಎಣ್ಣೆಯಿಲ್ಲದ ಕರಿತವೆಂಬುದು ಭಾಷೆಗೆ ತಿಳಿಯದ ಸಂಗತಿ. ‘ಗಾಳಿಯಲ್ಲಿ ಹುರಿಯುವ’ ಎಂಬ ಅನುವಾದವೂ ನಿಲ್ಲದು. ಅಲ್ಲಿ ಕೈಯಾಡುವುದಿಲ್ಲ, ನಡುವೆ ಒಮ್ಮೆ ಬುಟ್ಟಿಯನ್ನು ಅಲುಗಿಸಿದರೆ ಮುಗಿಯಿತು. ಮುಚ್ಚಿದ ಪೆಟ್ಟಿಗೆಯೊಳಗೆ ಒಣಶಾಖವು ಪದಾರ್ಥದ ಮೇಲ್ಮೈಗೆ ನೇರವಾಗಿ ತಗುಲುತ್ತದೆ. ಹಪ್ಪಳವನ್ನು ಕೆಂಡದ ಮೇಲೆ ಹಿಡಿದಾಗ ಕನ್ನಡವು ಬಳಸಿದ ಧಾತು ‘ಸುಡು’. ಯಂತ್ರಕ್ಕೂ ಅದೇ ಸಲ್ಲಬೇಕು, ಮಾರುವವರು ಒಪ್ಪಲಿ ಬಿಡಲಿ.